ರಜೆಗೆ ಮಲೆನಾಡಿಗೆ ಹೊರಟಿದ್ದೀರಾ? ಉಣುಗಿನ ಬಗ್ಗೆಯೂ ತಿಳಿದಿರಲಿ

ಡಿಸೆಂಬರ್ ಮುಗಿಯುವ ಹೊತ್ತಿಗೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಎಷ್ಟೋ ಮನೆಗಳಲ್ಲಿ ಒಂದೇ ಮಾತು. ಮಕ್ಕಳಿಗೆ ಕ್ರಿಸ್‌ಮಸ್ ರಜೆ, ಅಪ್ಪನಿಗೆ ಬಳಸದೆ ಉಳಿದ ನಾಲ್ಕು ದಿನದ ರಜೆ, ಎಲ್ಲಿಗೆ ಹೋಗೋಣ? ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ನಮ್ಮವರು ಈ ದಿನಗಳಲ್ಲಿ ಹಿಮದಿಂದ ತಪ್ಪಿಸಿಕೊಂಡು ಕೆರಿಬಿಯನ್ ದ್ವೀಪಗಳ ಕಡಲತೀರಕ್ಕೆ ಹೋಗುವುದುಂಟು. ಅಲ್ಲಿನ ರೆಸಾರ್ಟುಗಳಲ್ಲಿ ಒಮ್ಮೆ ಹಣ ಕಟ್ಟಿದರಾಯಿತು. ಕೋಣೆ, ಮೂರು ಹೊತ್ತಿನ ಊಟ, ಪಾನೀಯ, ದೋಣಿವಿಹಾರ ಎಲ್ಲವೂ ಅದರಲ್ಲೇ ಸೇರಿರುತ್ತದೆ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹೋಂಸ್ಟೇಗಳಲ್ಲೂ ಈಗ ಹೆಚ್ಚುಕಡಿಮೆ ಇದೇ ಕ್ರಮ. ತಲೆಗೆ ಇಷ್ಟು ಎಂದು ಕೊಟ್ಟರೆ ಬೆಳಿಗ್ಗೆ ನೀರುದೋಸೆ ಇಲ್ಲವೇ ಕಡುಬು, ಮಧ್ಯಾಹ್ನ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿಯ ಜೊತೆ ಬಾಳೆಲೆ ಊಟ, ಸಂಜೆ ಬಿಸಿ ಕಷಾಯ, ರಾತ್ರಿ ಅಂಗಳದಲ್ಲಿ ಬೆಂಕಿ, ಮರುದಿನ ಕಾಡಿನಲ್ಲಿ ಒಂದು ನಡಿಗೆ. ಇನ್ನು ಅಜ್ಜನ ಮನೆಯೇ ಅಲ್ಲಿರುವ ಪುಣ್ಯವಂತರಿಗೆ ಇವೆಲ್ಲ ಹಣ ಕೊಡದೆಯೇ ಸಿಗುತ್ತವೆ.

ಹೋಗಿ ಬನ್ನಿ. ಮಲೆನಾಡು ಅತ್ಯಂತ ಸೊಗಸಾಗಿರುವುದು ಇದೇ ದಿನಗಳಲ್ಲಿ. ಮಳೆ ಇಲ್ಲ, ಸೆಕೆ ಇಲ್ಲ, ಬೆಳಗಿನ ಮಂಜು ಕರಗುವ ಹೊತ್ತಿಗೆ ತೋಟದಲ್ಲಿ ಅಡಿಕೆ ಕೊನೆ ಇಳಿಸುವ ಸದ್ದು. ಆದರೆ ಹೊರಡುವ ಮುನ್ನ ನೀವು ಅರಿತಿರಬೇಕಾದ ಒಂದು ಆರೋಗ್ಯದ ಸಂಗತಿ ಇದೆ. ಹೋಂಸ್ಟೇಯವರ ಬಣ್ಣದ ಚಿತ್ರಗಳಲ್ಲಿ ಅದು ಇರುವುದಿಲ್ಲ. ಅದೇ ಮಂಗನ ಕಾಯಿಲೆ, ಅಂದರೆ ಕ್ಯಾಸನೂರು ಕಾಡಿನ ಕಾಯಿಲೆ ಅಥವಾ ಕೆ.ಎಫ್.ಡಿ.

ಏನಿದು ಮಂಗನ ಕಾಯಿಲೆ?

1957ರ ಬೇಸಿಗೆಯ ಮೊದಲ ದಿನಗಳಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಸತ್ತುಬೀಳುತ್ತಿರುವ ಸುದ್ದಿ ಬಂತು. ಅದೇ ಹೊತ್ತಿಗೆ ಅಲ್ಲಿನ ಹಳ್ಳಿಗಳ ಜನರಿಗೂ ವಿಪರೀತ ಜ್ವರ ಕಾಣಿಸಿಕೊಂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಧಾವಿಸಿ ಬಂದರು. ಅವರಿಗೆ ಮೊದಲು ಬಂದ ಸಂಶಯವೇನು ಗೊತ್ತೆ? ಹಳದಿ ಜ್ವರ! ದಕ್ಷಿಣ ಅಮೆರಿಕದ ಕಾಡುಗಳಲ್ಲಿ, ಕೆರಿಬಿಯನ್ನಿನ ಟ್ರಿನಿಡಾಡ್ ದ್ವೀಪದಲ್ಲಿ ಹಳದಿ ಜ್ವರ ಬಂದಾಗ ಮೊದಲು ಸಾಯುವುದು ಮರದ ಮೇಲಿನ ಮಂಗಗಳೇ. ಆ ಕಾಯಿಲೆ ಏಷ್ಯಾದಲ್ಲಿ ಎಂದೂ ನೆಲೆಯೂರಿದ್ದಿಲ್ಲ. ಕೊನೆಗೂ ಇಲ್ಲಿಗೆ ಕಾಲಿಟ್ಟಿತೇ ಎಂಬ ಭಯ ಅವರದು.

ಆದರೆ ಸಿಕ್ಕಿದ ವೈರಸ್ ಬೇರೆಯೇ ಆಗಿತ್ತು. ರಷ್ಯಾದ ಕಾಡುಗಳಲ್ಲಿ ಉಣ್ಣೆಗಳ ಮೂಲಕ ಹರಡುವ ಕೆಲವು ವೈರಸ್‌ಗಳಿಗೆ ಇದು ಹತ್ತಿರದ ನೆಂಟ. ಸೈಬೀರಿಯಾದಿಂದ ಚಳಿಗಾಲ ಕಳೆಯಲು ಬರುವ ಹಕ್ಕಿಗಳೇ ಇದನ್ನು ಹೊತ್ತು ತಂದವೇ ಎಂದು ಶಂಕಿಸಿ, ಪಕ್ಷಿತಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವರ್ಷಗಟ್ಟಲೆ ಹುಡುಕಿತು. ಕಾಯಿಲೆ ಹಕ್ಕಿಗಳಿಂದ ಬಂತೆಂಬುದು ಸಾಬೀತಾಗಲಿಲ್ಲ. ಹಕ್ಕಿಗಳ ವಲಸೆಯ ಬಗ್ಗೆ ಮಾತ್ರ ನಮಗೆ ಬಹಳಷ್ಟು ತಿಳಿಯಿತು.

ಮಂಗನ ಕಾಯಿಲೆ ಎಂಬ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಮಂಗ ಕಚ್ಚಿದರೆ, ಮಂಗನನ್ನು ಕಂಡರೆ, ಮಂಗ ಮುಟ್ಟಿದ ಹಣ್ಣು ತಿಂದರೆ ಬರುವ ಕಾಯಿಲೆ ಇದಲ್ಲ. ನಮ್ಮಂತೆ ಮಂಗವೂ ಇದಕ್ಕೆ ಬಲಿಯಾಗುವ ಪ್ರಾಣಿ. ಕರಿಮುಖದ ಮುಸಿಯ, ಕೆಂಪು ಮಂಗ ಎರಡೂ ಸಾಯುತ್ತವೆ, ಮುಸಿಯಗಳೇ ಹೆಚ್ಚು. ಕಾಯಿಲೆಯನ್ನು ಒಂದು ದೇಹದಿಂದ ಇನ್ನೊಂದಕ್ಕೆ ದಾಟಿಸುವುದು ಮಲೆನಾಡಿನವರು ಉಣುಗು ಎಂದು ಕರೆಯುವ ಪುಟ್ಟ ಕಾಡು ಉಣ್ಣೆ. ಮಂಗ ಸತ್ತು ನೆಲಕ್ಕೆ ಬಿದ್ದಾಗ ಅದರ ಮೈಮೇಲಿದ್ದ ಉಣುಗುಗಳು ಇಳಿದು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಆಮೇಲೆ ಆ ದಾರಿಯಲ್ಲಿ ಯಾರು ಬಂದರೂ ಅವಕ್ಕೆ ಒಂದೇ. ಇಲಿ, ಹೆಗ್ಗಣ, ಅಳಿಲಿನಂಥ ಸಣ್ಣ ಪ್ರಾಣಿಗಳ ರಕ್ತ ಕುಡಿದೂ ಅವು ಬದುಕುತ್ತವೆ. ದನಗಳಿಗೆ ಈ ಕಾಯಿಲೆ ಬರುವುದಿಲ್ಲವಾದರೂ ಕಾಡಿಗೆ ಮೇಯಲು ಹೋದ ದನಗಳ ಮೈಮೇಲೆ ಉಣುಗು ಚೆನ್ನಾಗಿ ಬೆಳೆಯುತ್ತದೆ.

ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಊಟ, ನೀರು, ಕೆಮ್ಮು, ಒಂದೇ ಹಾಸಿಗೆ, ಯಾವುದರಿಂದಲೂ ಇಲ್ಲ. ಕಾಯಿಲೆ ಬಂದ ಮನೆಯವರನ್ನು ದೂರ ಇಡುವುದು ಬರೀ ಅಜ್ಞಾನ.

ಚಳಿಗಾಲದಲ್ಲೇ ಏಕೆ?

ಉಣುಗಿನ ಬದುಕು ಮಳೆಗಾಲಕ್ಕೆ ಹೊಂದಿಕೊಂಡಿದೆ. ಬೆಳೆದ ಉಣುಗುಗಳು ಮಳೆಗಾಲದಲ್ಲಿ ದನಕರು, ಕಾಡುಪ್ರಾಣಿಗಳ ರಕ್ತ ಕುಡಿದು ನೆಲಕ್ಕಿಳಿದು ಮೊಟ್ಟೆಯಿಡುತ್ತವೆ. ಮಳೆ ಹಿಂದೆಗೆಯುವ ಹೊತ್ತಿಗೆ ಆರು ಕಾಲಿನ ಮರಿಗಳು ಹೊರಬರುತ್ತವೆ. ಅವು ಒಮ್ಮೆ ರಕ್ತ ಕುಡಿದು ಪೊರೆ ಕಳಚಿದರೆ ಎಂಟು ಕಾಲಿನ ಎಳೆ ಉಣುಗು. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಈ ಎಳೆಯವೇ. ಇವುಗಳ ಸಂಖ್ಯೆ ಏರುವುದು ಡಿಸೆಂಬರ್‌ನಿಂದ, ಅತಿ ಹೆಚ್ಚು ಇರುವುದು ಜನವರಿಯಿಂದ ಮಾರ್ಚ್‌ವರೆಗೆ. ಮೇ ಕಳೆದು ಮಳೆ ಹಿಡಿದ ಮೇಲೆ ಕಾಯಿಲೆ ತಾನಾಗಿ ಇಳಿಯುತ್ತದೆ. ನಿಮ್ಮ ರಜೆಯ ಕಾಲವೂ ಉಣುಗಿನ ಕಾಲವೂ ಒಂದೇ ಎಂಬುದು ಈಗ ಸ್ಪಷ್ಟವಾಯಿತಲ್ಲವೆ?

ಮಳೆಗಾಲದಲ್ಲಿ ಮಲೆನಾಡಿಗೆ ಹೋಗುವ ಪೇಟೆಯವರು ಇಂಬಳಕ್ಕೆ ಹೆದರಿ ಉಪ್ಪು, ಸುಣ್ಣ, ಹೊಗೆಸೊಪ್ಪು ಎಲ್ಲ ಹೊತ್ತು ಹೋಗುತ್ತಾರೆ. ಚಳಿಗಾಲದಲ್ಲಿ ಇಂಬಳವಿಲ್ಲ ಎಂದು ಅರ್ಧ ಚಡ್ಡಿ, ಹವಾಯಿ ಚಪ್ಪಲಿಯಲ್ಲೇ ಕಾಡಿಗೆ ನುಗ್ಗುತ್ತಾರೆ. ಇಂಬಳ ಪಾಪದ್ದು. ಕಣ್ಣಿಗೆ ಕಾಣುತ್ತದೆ, ಹೊಟ್ಟೆ ತುಂಬಿದರೆ ತಾನೇ ಬಿದ್ದುಹೋಗುತ್ತದೆ. ಎಳೆ ಉಣುಗು ಹಾಗಲ್ಲ. ಎಳ್ಳಿನ ಕಾಳಿಗಿಂತ ಚಿಕ್ಕದು. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ನಿಮಗೆಷ್ಟು ಅಪಾಯ?

ನಿಜ ಹೇಳಬೇಕೆಂದರೆ ಎರಡು ದಿನ ಇದ್ದು ಬರುವ ನಿಮಗಿಂತ ಅಲ್ಲೇ ಬದುಕುವವರಿಗೆ ಅಪಾಯ ಬಹಳ ಹೆಚ್ಚು. ಕೊಟ್ಟಿಗೆಗೆ ಹಾಸಲು ಸೊಪ್ಪಿನ ಬೆಟ್ಟದಿಂದ ದರಕು ಗುಡಿಸಿ ತರುವ ಹೆಂಗಸರು, ಸೌದೆಗೆ ಹೋಗುವವರು, ದನ ಕಾಯುವವರು, ತೋಟದ ಕೆಲಸದವರು, ಅರಣ್ಯ ಇಲಾಖೆಯ ಕಾವಲುಗಾರರು, ಇವರೇ ಇದಕ್ಕೆ ಹೆಚ್ಚಾಗಿ ತುತ್ತಾಗಿರುವುದು. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯ ಹಳ್ಳಿಗಳು ಅನುಭವಿಸಿದ ಸಂಕಟವನ್ನು ಆ ಭಾಗದವರು ಇಂದಿಗೂ ಮರೆತಿಲ್ಲ. ಒಂದೇ ಋತುವಿನಲ್ಲಿ ಹಲವು ಮನೆಗಳು ದುಡಿಯುವ ಕೈಗಳನ್ನು ಕಳೆದುಕೊಂಡವು. ಜೋಗ ಜಲಪಾತಕ್ಕೆ ಅದು ದೂರದ ಜಾಗವೇನಲ್ಲ. 2024ರ ಋತುವಿನಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಮೂರೂ ಜಿಲ್ಲೆಗಳಲ್ಲಿ ಕಾಯಿಲೆ ಕಾಣಿಸಿಕೊಂಡು, ಜನವರಿಯಲ್ಲಿ ಹೊಸನಗರ ತಾಲ್ಲೂಕಿನಲ್ಲಿ ಸಾವೂ ಸಂಭವಿಸಿತು. ತೀರ್ಥಹಳ್ಳಿ ತಾಲ್ಲೂಕಿಗೂ ಇದು ಹೊಸದಲ್ಲ. 2012ರ ನಂತರ ಬಂಡೀಪುರ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಇದು ಪತ್ತೆಯಾಗಿದೆ.

ಹಾಗಾದರೆ ಪ್ರವಾಸಿಗರಿಗೆ ಇಷ್ಟೊಂದು ಹೇಳುವುದೇಕೆ? ಒಂದು ಮುಖ್ಯವಾದ ಕಾರಣವಿದೆ. ಉಣುಗು ಕಚ್ಚಿದ ಮೇಲೆ ಜ್ವರ ಬರಲು ಸಾಮಾನ್ಯವಾಗಿ 3ರಿಂದ 8 ದಿನ ಬೇಕು. ಅರಳಗೋಡಿನವರಿಗೆ ಜ್ವರ ಬಂದರೆ ಮನೆಯವರಿಗೂ ಆಶಾ ಕಾರ್ಯಕರ್ತೆಗೂ ಮೊದಲು ನೆನಪಾಗುವುದು ಮಂಗನ ಕಾಯಿಲೆಯೇ. ನಿಮಗೆ ಜ್ವರ ಬರುವ ಹೊತ್ತಿಗೆ ನೀವು ಬೆಂಗಳೂರಿನಲ್ಲಿರುತ್ತೀರಿ. ರಜೆ ಮುಗಿದು ಕಚೇರಿ, ಶಾಲೆ ಶುರುವಾಗಿರುತ್ತದೆ. ಬಡಾವಣೆಯ ಡಾಕ್ಟರು ಡೆಂಗೆ ಇರಬಹುದೆಂದು ರಕ್ತ ಪರೀಕ್ಷೆ ಬರೆಯುತ್ತಾರೆ. ಅದರಲ್ಲಿ ಇಲ್ಲವೆಂದು ಬಂದರೆ ‘ವೈರಲ್ ಫೀವರ್’ ಎನ್ನುತ್ತಾರೆ. ಅವರದು ತಪ್ಪಲ್ಲ, ನೀವು ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ‘ಡಾಕ್ಟ್ರೇ, ಹೋದ ವಾರ ಸಾಗರದ ಕಡೆ ಕಾಡಿನಲ್ಲಿ ಓಡಾಡಿ ಬಂದಿದ್ದೆವು’ ಎಂಬ ಒಂದು ವಾಕ್ಯ ಅವರು ಯೋಚಿಸುವ ದಿಕ್ಕನ್ನೇ ಬದಲಿಸಬಲ್ಲದು. ಈ ಲೇಖನದಲ್ಲಿ ಉಳಿದದ್ದೆಲ್ಲ ಮರೆತರೂ ಇದೊಂದನ್ನು ನೆನಪಿಡಿ.

ಎಲ್ಲಿ ಓಡಾಡಬಹುದು?

ಇಕ್ಕೇರಿ, ಕೆಳದಿಯ ದೇವಾಲಯಗಳು, ಜೋಗದ ಕಟಾಂಜನದ ಬಳಿ ನಿಂತು ಜಲಪಾತ ನೋಡುವುದು, ತೀರ್ಥಹಳ್ಳಿಯ ರಾಮೇಶ್ವರನ ಎಳ್ಳಮಾವಾಸ್ಯೆ ಜಾತ್ರೆ, ಕುಪ್ಪಳಿಯ ಕವಿಮನೆ, ಇಲ್ಲೆಲ್ಲ ಉಣುಗಿನ ಚಿಂತೆ ಬೇಡ. ಸಿಗಂದೂರಿಗೆ ಹೋಗುವವರಿಗೆ 2025ರ ಜುಲೈನಲ್ಲಿ ಹಿನ್ನೀರಿನ ಸೇತುವೆ ತೆರೆದ ಮೇಲೆ ಲಾಂಚಿಗಾಗಿ ಕಾಯುವ ಪಾಡೂ ತಪ್ಪಿದೆ. ಡಾಂಬರು ರಸ್ತೆ, ಗುಡಿಸಿದ ಅಂಗಳ, ಬಿಸಿಲು ಬೀಳುವ ಬಯಲು ಇವೆಲ್ಲ ಕ್ಷೇಮ. ಉಣುಗಿಗೆ ಬೇಕಾದದ್ದು ನೆರಳು, ತೇವ, ತರಗೆಲೆ ಮತ್ತು ಪೊದೆ.

ಕವಲೇದುರ್ಗದ ಕೋಟೆಗೆ ಹತ್ತುವಾಗ ಕಲ್ಲು ಹಾಸಿನ ಮೇಲೇ ನಡೆಯಿರಿ. ಫೋಟೋಕ್ಕೆಂದು ಪೊದೆಯೊಳಗೆ ನುಗ್ಗಬೇಡಿ. ಕೊಡಚಾದ್ರಿಗೆ ಜೀಪಿನಲ್ಲಿ ಹೋಗುವುದಕ್ಕೂ ಕಾಡಿನ ಕಾಲುದಾರಿಯಲ್ಲಿ ನಡೆದು ಹೋಗುವುದಕ್ಕೂ ವ್ಯತ್ಯಾಸವಿದೆ. ನಡೆಯುವವರು ಮುಂದೆ ಹೇಳುವ ಎಚ್ಚರಿಕೆಗಳನ್ನು ತಪ್ಪದೆ ಪಾಲಿಸಬೇಕು. ಹಿನ್ನೀರಿನ ದಡದ ಬಯಲಿನಲ್ಲಿ ಕೂರುವುದು ಸರಿ, ಅಂಚಿನ ಕಾಡಿನಲ್ಲಿ ಚಾಪೆ ಹಾಸಿ ಮಲಗುವುದು ಸರಿಯಲ್ಲ. ರಾತ್ರಿಯ ಬೆಂಕಿಗೆ ಸೌದೆ ಆರಿಸಲು ಮಕ್ಕಳನ್ನು ಕಾಡಿಗೆ ಕಳಿಸಬೇಡಿ, ಮನೆಯ ಸೌದೆ ಕೊಟ್ಟಿಗೆಯಲ್ಲಿ ಬೇಕಾದಷ್ಟು ಇರುತ್ತದೆ. ಅಜ್ಜನ ಮನೆಗೆ ಬಂದ ಮಕ್ಕಳು ಬೆಟ್ಟದ ನೆಲ್ಲಿಕಾಯಿ ಉದುರಿಸಲು ಓಡುವುದೂ ಇದೇ ತಿಂಗಳುಗಳಲ್ಲಿ. ಬೇಡ ಎಂದರೆ ಕೇಳುವ ವಯಸ್ಸಲ್ಲ. ಹೋದರೆ ಮೈತುಂಬ ಬಟ್ಟೆ ಹಾಕಿಸಿ ಕಳಿಸಿ, ಬಂದ ಕೂಡಲೇ ಸ್ನಾನ ಮಾಡಿಸಿ.

ಹೋಂಸ್ಟೇ ಗೊತ್ತುಮಾಡುವಾಗ ‘ನಿಮ್ಮ ಸುತ್ತ ಈ ವರ್ಷ ಮಂಗ ಸತ್ತಿವೆಯೆ?’ ಎಂದು ಕೇಳಲು ಸಂಕೋಚ ಬೇಡ. ಮರ್ಯಾದಸ್ತ ಆತಿಥೇಯರು ಇದ್ದದ್ದನ್ನು ಹೇಳುತ್ತಾರೆ. ಸತ್ತಿರುವ ಸುದ್ದಿಯಿದ್ದರೆ ಆ ದಿಕ್ಕಿನ ಕಾಡಿನ ನಡಿಗೆಯನ್ನು ಬಿಟ್ಟುಬಿಡಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ. ಮಕ್ಕಳನ್ನು ಕರೆದುಕೊಂಡು ಹಿಂದಿರುಗಿ, ಮನೆಯವರ ಮೂಲಕ ಆರೋಗ್ಯ ಕೇಂದ್ರಕ್ಕೋ ಪಂಚಾಯಿತಿಗೋ ತಿಳಿಸಿ. ಅವರು ಸುತ್ತಲಿನ ನೆಲಕ್ಕೆ ಉಣುಗುನಾಶಕ ಸಿಂಪಡಿಸುತ್ತಾರೆ. ಎಷ್ಟೋ ವೇಳೆ ಆ ಪ್ರದೇಶದಲ್ಲಿ ಕಾಯಿಲೆ ಇದೆಯೆಂಬ ಮೊದಲ ಸುಳಿವು ಸಿಗುವುದೇ ಇಂಥ ಸುದ್ದಿಯಿಂದ.

ಬಟ್ಟೆ, ಎಣ್ಣೆ, ಬಿಸಿನೀರು

ಕಾಡಿಗೆ ಹೋಗುವಾಗ ತುಂಬು ತೋಳಿನ ಅಂಗಿ, ಪೂರ್ತಿ ಉದ್ದದ ಪ್ಯಾಂಟು, ಬೂಟು ಇರಲಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಉಣುಗು ಕೆಳಗಿನಿಂದ ಮೇಲಕ್ಕೆ ಹತ್ತುವ ಪ್ರಾಣಿ. ಅದರ ದಾರಿ ಮುಚ್ಚಬೇಕು. ತಿಳಿ ಬಣ್ಣದ ಬಟ್ಟೆಯಾದರೆ ಹರಿದಾಡುವುದು ಕಾಣುತ್ತದೆ.

ಕಾಯಿಲೆ ಇರುವ ಹಳ್ಳಿಗಳಲ್ಲಿ ಆರೋಗ್ಯ ಇಲಾಖೆ ಉಣುಗು ವಿಕರ್ಷಕ ತೈಲವನ್ನು ಉಚಿತವಾಗಿ ಹಂಚುತ್ತದೆ. ಮೊದಲು ಡಿ.ಎಂ.ಪಿ. ತೈಲ ಕೊಡುತ್ತಿದ್ದರು, ಈಚಿನ ವರ್ಷಗಳಲ್ಲಿ ಡೇಪಾ ತೈಲ. ಕಾಡಿಗೆ ಹೊರಡುವ ಮುಂಚೆ ಕೈ, ಕಾಲು, ಕತ್ತಿಗೆ ಹಚ್ಚಿಕೊಳ್ಳಬೇಕು. ಕಣ್ಣು, ಬಾಯಿ, ಗಾಯಗಳಿಗೆ ತಾಗಬಾರದು. ಪುಟ್ಟ ಮಕ್ಕಳ ಅಂಗೈಗೆ ಹಚ್ಚಬೇಡಿ, ಬಾಯಿಗೆ ಹಾಕಿಕೊಳ್ಳುತ್ತವೆ. ಅಷ್ಟು ಚಿಕ್ಕ ಮಕ್ಕಳನ್ನು ಕಾಡಿಗೆ ಕರೆದೊಯ್ಯದಿರುವುದೇ ಲೇಸು. ತೈಲದ ಪ್ರಭಾವ ಕೆಲವು ಗಂಟೆ ಮಾತ್ರ. ಇಡೀ ದಿನದ ನಡಿಗೆಯಾದರೆ ಮತ್ತೆ ಹಚ್ಚಬೇಕು, ಹಿಂದಿರುಗಿದ ಮೇಲೆ ಸೋಪು ಹಾಕಿ ತೊಳೆಯಬೇಕು.

ಇನ್ನು ಸ್ನಾನ. ಮಲೆನಾಡಿನ ಬಚ್ಚಲಿನ ಹಂಡೆಯಲ್ಲಿ ಸದಾ ಬಿಸಿನೀರು ಇದ್ದೇ ಇರುತ್ತದಲ್ಲ, ಅದನ್ನು ಬಳಸಿಕೊಳ್ಳಿ. ಕಾಡಿನಿಂದ ಬಂದವರು ಹಾಸಿಗೆ, ಸೋಫಾಗಳ ಮೇಲೆ ಕೂರದೆ ನೇರವಾಗಿ ಬಚ್ಚಲಿಗೆ ಹೋಗಲಿ. ಬಿಚ್ಚಿದ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ. ಸೋಪು ಹಚ್ಚಿ ಮೈ ಉಜ್ಜುವಾಗ ಕಿವಿಯ ಹಿಂದೆ, ಕೂದಲಿನ ಅಂಚು, ಕಂಕುಳು, ಸೊಂಟದ ಪಟ್ಟಿ ಕೂರುವ ಜಾಗ, ತೊಡೆಸಂದು, ಮೊಣಕಾಲಿನ ಹಿಂಭಾಗ ಇವನ್ನೆಲ್ಲ ಬೆರಳಾಡಿಸಿ ನೋಡಿ. ಮಕ್ಕಳ ಮೈಯನ್ನು ತಾಯಂದಿರು ಬೆಳಕಿನಲ್ಲಿ ಒಮ್ಮೆ ಪರೀಕ್ಷಿಸಲಿ.

ಉಣುಗು ಕಚ್ಚಿಕೊಂಡಿದ್ದರೆ? ಬೀಡಿ ಬೆಂಕಿ ತಾಗಿಸುವುದು, ಸೀಮೆಎಣ್ಣೆ ಹಚ್ಚುವುದು, ಉಗುರಿನಿಂದ ಹೊಸಕುವುದು ಇವೆಲ್ಲ ಹಳೆಯ ಅಭ್ಯಾಸಗಳು, ಬಿಡಬೇಕಾದವು. ಸಣ್ಣ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನಿಧಾನವಾಗಿ ನೇರಕ್ಕೆ ಎಳೆಯಿರಿ. ಬೇಗ ತೆಗೆದಷ್ಟೂ ಒಳ್ಳೆಯದು. ಆಮೇಲೆ ಆ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆಯಿರಿ. ಕಚ್ಚಿದ ಉಣುಗುಗಳಲ್ಲೆಲ್ಲ ವೈರಸ್ ಇರುವುದಿಲ್ಲ, ಆದ್ದರಿಂದ ಗಾಬರಿ ಬೇಡ. ದಿನಾಂಕವನ್ನು ಮಾತ್ರ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ನಾಯಿಯನ್ನೂ ಜೊತೆಗೆ ಕರೆದೊಯ್ಯುವ ಕುಟುಂಬಗಳು ಈಚೆಗೆ ಹೆಚ್ಚು. ಅದು ಪೊದೆಯೊಳಗೆಲ್ಲ ತಿರುಗಿ ಬಂದು ಮಕ್ಕಳ ಹಾಸಿಗೆ ಹತ್ತಿದರೆ ನೀವು ಮಾಡಿದ ಎಚ್ಚರಿಕೆಯೆಲ್ಲ ವ್ಯರ್ಥ. ಕಾಡಿನ ಅಂಚಿನಲ್ಲಿ ಅದನ್ನು ಕಟ್ಟಿಯೇ ಇಡಿ.

ಜ್ವರ ಬಂದರೆ

ಹಿಂದಿರುಗಿದ ಮೇಲೆ ಎರಡು ವಾರ ಮೈಮೇಲೆ ಗಮನವಿರಲಿ. ಈ ಜ್ವರ ಮೆಲ್ಲಗೆ ಬರುವುದಿಲ್ಲ. ಇದ್ದಕ್ಕಿದ್ದಂತೆ ಚಳಿ, ವಿಪರೀತ ಜ್ವರ, ಹಣೆ ಒಡೆಯುವಂಥ ತಲೆನೋವು, ಸೊಂಟ, ಮೀನಖಂಡಗಳಲ್ಲಿ ತಾಳಲಾರದ ನೋವು, ಕಣ್ಣು ಕೆಂಪು. ಮುಂದೆ ವಾಂತಿ, ಭೇದಿ, ಅತಿಯಾದ ನಿಶ್ಶಕ್ತಿ. ಕೆಲವರಿಗೆ ಮೂಗು, ಒಸಡುಗಳಿಂದ ರಕ್ತ, ಮಲದಲ್ಲಿ ರಕ್ತ. ರಕ್ತದೊತ್ತಡ ಇಳಿಯುತ್ತದೆ, ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಕಡಿಮೆಯಾಗುತ್ತವೆ. ಡೆಂಗೆಯಲ್ಲೂ ಹೀಗೇ ಆಗುವುದರಿಂದಲೇ ಗೊಂದಲ.

ಜ್ವರ ಮತ್ತು ಮೈನೋವಿಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಬ್ರೂಫೆನ್, ಡೈಕ್ಲೋಫೆನಾಕ್ ಮಾತ್ರೆಗಳನ್ನು ನೀವಾಗಿ ನುಂಗಬೇಡಿ. ಅವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಈ ವೈರಸ್ಸನ್ನೇ ಕೊಲ್ಲುವ ನಿರ್ದಿಷ್ಟ ಔಷಧಿ ಇಲ್ಲ. ಹಾಗೆಂದು ಚಿಕಿತ್ಸೆಯೇ ಇಲ್ಲವೆಂದಲ್ಲ. ಸಕಾಲಕ್ಕೆ ಆಸ್ಪತ್ರೆ ಸೇರಿದರೆ ದ್ರವದ ಸಮತೋಲ, ರಕ್ತದೊತ್ತಡ, ರಕ್ತಸ್ರಾವ ಇವನ್ನು ನೋಡಿಕೊಂಡು ರೋಗಿಯನ್ನು ಪಾರುಮಾಡಬಹುದು. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ ಎಂಬುದು ಸಾಮಾನ್ಯ ಲೆಕ್ಕ. ಉಳಿದವರು ಗುಣವಾಗುತ್ತಾರೆ, ನಿಶ್ಶಕ್ತಿ ಮಾತ್ರ ವಾರಗಟ್ಟಲೆ ಕಾಡುತ್ತದೆ.

ಮೊದಲ ಕೆಲವು ದಿನಗಳಲ್ಲಿ ರಕ್ತದಲ್ಲಿ ವೈರಸ್ಸನ್ನೇ ಪತ್ತೆಮಾಡುವ ಆರ್.ಟಿ.ಪಿ.ಸಿ.ಆರ್. ಪರೀಕ್ಷೆ ಮಾಡುತ್ತಾರೆ, ನಂತರದ ದಿನಗಳಲ್ಲಿ ಪ್ರತಿಕಾಯಗಳನ್ನು ಹುಡುಕುತ್ತಾರೆ. ಕೋವಿಡ್ ಕಾಲದಲ್ಲಿ ಈ ಹೆಸರು ಎಲ್ಲರಿಗೂ ಪರಿಚಯವಾಗಿದೆ, ಆದರೆ ಮೂಲೆಮನೆಯ ಲ್ಯಾಬಿನಲ್ಲಿ ಈ ಕಾಯಿಲೆಯ ಪರೀಕ್ಷೆ ಇರುವುದಿಲ್ಲ. ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯ, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗಳಂಥ ಕಡೆಗಷ್ಟೇ ಮಾದರಿ ಹೋಗಬೇಕು, ಅದೂ ಆರೋಗ್ಯ ಇಲಾಖೆಯ ಮೂಲಕ. ನಿಮ್ಮ ವೈದ್ಯರಿಗೆ ಸಂಶಯ ಬರುವುದು ಬೇಗ ಆದಷ್ಟೂ ಒಳ್ಳೆಯದು ಎನ್ನುವುದು ಇದಕ್ಕೇ.

ಕಾಡಿಗೆ ಹೋಗಿಬಂದದ್ದನ್ನು ಹೇಳುವುದರಿಂದ ಇನ್ನೊಂದು ಲಾಭವಿದೆ. ಅದೇ ಪೊದೆಗಳಲ್ಲಿರುವ ಇನ್ನೂ ಸೂಕ್ಷ್ಮವಾದ ನುಸಿಯ ಮರಿಗಳು ಕಚ್ಚಿದರೆ ಸ್ಕ್ರಬ್ ಟೈಫಸ್ ಎಂಬ ಜ್ವರ ಬರುತ್ತದೆ. ಶಿವಮೊಗ್ಗದ ಕಡೆ ಅದೂ ಇದೆ. ಅದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಬಲು ಚೆನ್ನಾಗಿ ಕೆಲಸ ಮಾಡುತ್ತದೆ. ಗುರುತಿಸದೆ ಬಿಟ್ಟರೆ ಅದೂ ಜೀವ ತೆಗೆಯಬಲ್ಲದು.

ಜ್ವರ ಬಿಟ್ಟಿತೆಂದು ಕೂಡಲೇ ಕೆಲಸಕ್ಕೆ ಓಡಬೇಡಿ. ಮಂಗನ ಕಾಯಿಲೆಯಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಜನರಿಗೆ ಒಂದೆರಡು ವಾರ ಆರಾಮವಾಗಿದ್ದು ಮತ್ತೆ ಜ್ವರ ಮರುಕಳಿಸುತ್ತದೆ. ಈ ಎರಡನೆಯ ಸುತ್ತಿನಲ್ಲಿ ತೀವ್ರ ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ, ತಲೆಸುತ್ತು, ದೃಷ್ಟಿ ಮಂಜು, ಮಾತಿನಲ್ಲಿ ಗೊಂದಲ ಕಾಣಿಸಿಕೊಳ್ಳಬಹುದು. ಅದನ್ನು ನಿಶ್ಶಕ್ತಿಯೆಂದು ತಳ್ಳಿಹಾಕದೆ ಅದೇ ವೈದ್ಯರಲ್ಲಿಗೆ ಮರಳಿ ಹೋಗಬೇಕು.

ಲಸಿಕೆ ಇಲ್ಲವೆ?

ಇತ್ತು. 1990ರ ಸುಮಾರಿನಿಂದ ಕಾಯಿಲೆಯ ಹಳ್ಳಿಗಳಲ್ಲಿ ಲಸಿಕೆ ಹಾಕುತ್ತಿದ್ದರು. ಒಂದು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆಮೇಲೆ ವರ್ಷವರ್ಷವೂ ಬಲವರ್ಧಕ ಚುಚ್ಚುಮದ್ದು. ಉರಿ, ಬಾವು ಬರುತ್ತಿದ್ದುದರಿಂದ ಜನ ಎರಡನೆಯದಕ್ಕೇ ಬರುತ್ತಿರಲಿಲ್ಲ. ಲಸಿಕೆ ಪಡೆದವರಿಗೂ ಕಾಯಿಲೆ ಬಂದ ನಿದರ್ಶನಗಳು ಹೆಚ್ಚಿ, ಅದರ ಶಕ್ತಿಯೇ ಸಾಲದೆಂದು ಕಂಡು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯನ್ನು ರೂಪಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ಅದು ಮೊದಲು ಸಿಗಬೇಕಾದದ್ದು ದರಕು ಗುಡಿಸುವವರಿಗೇ ಹೊರತು ನಮ್ಮ ನಿಮ್ಮಂಥ ಪ್ರವಾಸಿಗರಿಗಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಕೊನೆಗೆ ನಿಮ್ಮ ಆತಿಥೇಯರದೊಂದು ಮಾತು. ನೀವು ಹಿಂದಿರುಗಿದ ಮೇಲೆ ಜ್ವರ ಬಂದು ಪರೀಕ್ಷೆಯಲ್ಲಿ ಮಂಗನ ಕಾಯಿಲೆಯೆಂದು ತಿಳಿದರೆ, ಆಸ್ಪತ್ರೆಯ ಗಡಿಬಿಡಿಯ ನಡುವೆಯೂ ಅವರಿಗೊಂದು ಫೋನು ಮಾಡಿ ಯಾವ ಜಾಗದಲ್ಲಿ ಓಡಾಡಿದ್ದಿರೆಂದು ಹೇಳಿ. ಅದೇ ಕಾಲುದಾರಿಯಲ್ಲಿ ಅವರ ಮನೆಯ ಕೆಲಸದವಳು ನಾಳೆ ಬೆಳಿಗ್ಗೆ ಬುಟ್ಟಿ ಹಿಡಿದು ದರಕಿಗೆ ಹೋಗುವವಳಿರುತ್ತಾಳೆ.